ಸಿದ್ದರಾಮಪ್ಪನವರ ಸ್ವಂತ ಸರ್ವರ್

ಹೈದರಾಬಾದಿನ ಕೂಕಟ್‌ಪಲ್ಲಿಯ ಸಿದ್ದರಾಮಪ್ಪನವರ ಮಾತನ್ನು ಕೇಳುವವರು ಈ ಲೋಕದಲ್ಲಿ ಯಾರೂ ಇರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಮುನ್ನೂರಕ್ಕೂ ಹೆಚ್ಚು ಜನ ಕೇಳುತ್ತಿದ್ದರು. ಆದರೆ ಅವರೆಲ್ಲ ಮೊಬೈಲಿನ ಒಳಗೆ ಇದ್ದರು. ಮೊಬೈಲಿನ ಹೊರಗೆ ಪರಿಸ್ಥಿತಿಯೇ ಬೇರೆ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಅವರು ಸ್ಟೋರ್ ಕೀಪರ್. ಅಲ್ಲಿ ಮ್ಯಾನೇಜರು ಹೇಳಿದ್ದನ್ನು ಕೇಳಬೇಕಿತ್ತು. ಮನೆಯಲ್ಲಿ ಹೆಂಡತಿ ಸೂಗಮ್ಮ ಹೇಳಿದ್ದನ್ನು ಕೇಳಬೇಕಿತ್ತು. ಅಪಾರ್ಟ್‌ಮೆಂಟಿನಲ್ಲಿ ನೀರಿನ ಮೋಟಾರು ಯಾವಾಗ ಹಾಕಬೇಕು ಎಂಬುದರಿಂದ ಹಿಡಿದು ಯಾರ ಮನೆಯ ನಾಯಿ ಎಷ್ಟು ಬೊಗಳಬೇಕು ಎಂಬುದರ ತನಕ ಎಲ್ಲವನ್ನೂ ಕೆಳಗಿನ ಮನೆಯ ವಿಶಾಲಾಕ್ಷಿಯವರು ನಿರ್ಧರಿಸುತ್ತಿದ್ದರು. ಅವರು ಸಂಘದ ಕಾರ್ಯದರ್ಶಿ. ಹೀಗಾಗಿ ಸಿದ್ದರಾಮಪ್ಪನವರ ಸ್ವಂತ ಅಭಿಪ್ರಾಯಗಳೆಲ್ಲ ವರ್ಷಗಟ್ಟಲೆ ಹೊಟ್ಟೆಯೊಳಗೇ ಕುಳಿತು ಹೊರಬರಲು ಬಾಗಿಲು ಹುಡುಕುತ್ತಿದ್ದವು. ಆ ಬಾಗಿಲು ಸಿಕ್ಕಿದ್ದು ‘ನಮ್ಮ ಮಂದಿ’ಯಲ್ಲಿ.

‘ನಮ್ಮ ಮಂದಿ’ ಎಂದರೆ ಹೈದರಾಬಾದಿಗೆ ಬಂದು ನೆಲೆಸಿದ ಉತ್ತರ ಕರ್ನಾಟಕದ ನಮ್ಮ ಕಡೆಯವರು ಬೈಠಕ್ ಎಂಬ ಆ್ಯಪಿನಲ್ಲಿ ಕೂಡಿ ಹರಟುವ ಗುಂಪು. ಬಾಡಿಗೆ ಮನೆ ಎಲ್ಲಿದೆ, ಲಿಂಗಸುಗೂರಿಗೆ ಹೊರಟ ಕಾರಿನಲ್ಲಿ ಸೀಟು ಇದೆಯೇ, ಕನ್ನಡದಲ್ಲಿ ಹೊಟ್ಟೆನೋವು ಹೇಳಿಕೊಂಡರೆ ತಿಳಿಯುವ ಡಾಕ್ಟರು ಯಾರು, ಬದನೆಕಾಯಿಯ ಎಣಗಾಯಿಗೆ ಬೆಲ್ಲ ಹಾಕಬೇಕೇ ಬೇಡವೇ – ಎಲ್ಲವೂ ಅಲ್ಲಿ ಚರ್ಚೆಯಾಗುತ್ತಿತ್ತು. ಅದರ ಅಡ್ಮಿನ್ ಸಿದ್ದರಾಮಪ್ಪನವರು. ಯಾರಾದರೂ ಹೂವಿನ ಚಿತ್ರ ಹಾಕಿ ‘ಶುಭೋದಯ’ ಎಂದರೆ ಅದನ್ನು ಅಳಿಸುವ ಅಧಿಕಾರ ಅವರದು. ಆ ಅಧಿಕಾರವನ್ನು ಅವರು ಬೆಳಗಿನ ಚಹಾಕ್ಕಿಂತ ಮೊದಲೇ ಚಲಾಯಿಸಿ, ಆಮೇಲೆ ತೃಪ್ತಿಯಿಂದ ಹಲ್ಲುಜ್ಜುತ್ತಿದ್ದರು.

ಈ ಸುಖಕ್ಕೆ ಯಾರ ಕಣ್ಣು ತಾಗಿತೋ! ಬೈಠಕ್‌ನ ಮಾಲೀಕರಿಗೆ ಒಂದು ದಿನ ದುಡ್ಡಿನ ನೆನಪಾಯಿತು. ಮೊದಲು ಸಂದೇಶಗಳ ನಡುವೆ ಹಾಸಿಗೆಯ ಜಾಹೀರಾತು ಬಂತು. ಜನ ಸಹಿಸಿಕೊಂಡರು. ಆಮೇಲೆ ಸಂದೇಶಗಳೇ ಜಾಹೀರಾತುಗಳ ನಡುವೆ ಬರತೊಡಗಿದವು. ಬಳಿಕ ‘ಸುವರ್ಣ ಸದಸ್ಯ’ರೆಂಬ ಹೊಸ ಜಾತಿ ಹುಟ್ಟಿತು, ದುಡ್ಡು ಕೊಟ್ಟ ಸುವರ್ಣರ ಮಾತು ಮೇಲೆ, ಉಳಿದ ತಗಡಿನವರ ಮಾತು ಕೆಳಗೆ. ಕೊನೆಗೆ ಆ್ಯಪಿನೊಳಗೆ ಒಂದು ಯಂತ್ರವನ್ನು ಕೂರಿಸಿದರು. ಅದು ಎಲ್ಲರ ಮಾತಿಗೂ ತಾನೇ ಉತ್ತರ ಕೊಡುತ್ತಿತ್ತು. ಒಬ್ಬರು ‘ಸೊಂಟ ಹಿಡಿದುಕೊಂಡಿದೆ, ಎದ್ದೇಳಲು ಆಗುತ್ತಿಲ್ಲ’ ಎಂದು ಬರೆದರೆ ಯಂತ್ರವು ‘ಅಭಿನಂದನೆಗಳು! ಗೋವಾ ಪ್ರವಾಸಕ್ಕೆ ಇದೇ ಸಕಾಲ’ ಎಂದಿತು.

ಇಷ್ಟಾದರೂ ಸಿದ್ದರಾಮಪ್ಪನವರು ತಾಳ್ಮೆ ಕಳೆದುಕೊಂಡಿರಲಿಲ್ಲ. ಕಳೆದುಕೊಂಡಿದ್ದು ಗಂಗಾಬಾಯಿಯ ತಾಯಿ ಕಳೆದುಹೋದ ದಿನ.

ಗಂಗಾಬಾಯಿ ಹುಮನಾಬಾದ್ ಕಡೆಯವಳು, ಮಿಯಾಪುರದಲ್ಲಿ ಕಟ್ಟಡದ ಕೆಲಸ ಮಾಡುವವಳು. ಅವಳ ತಾಯಿ ಊರಿನಿಂದ ಒಬ್ಬಳೇ ಬಸ್ಸು ಹತ್ತಿ ಬಂದು, ಮಿಯಾಪುರದ ಬದಲು ಪಟಾನ್‌ಚೆರುವಿನಲ್ಲಿ ಇಳಿದುಬಿಟ್ಟಿದ್ದಳು. ಗಂಗಾಬಾಯಿ ಗಾಬರಿಯಿಂದ ‘ನಮ್ಮ ಮಂದಿ’ಗೆ ದನಿ ಸಂದೇಶ ಕಳಿಸಿದಳು: “ಯಣ್ಣಾ, ನಮ್ಮವ್ವ ಸಿಗವಲ್ಲಳು, ಹಸರ ಸೀರಿ ಉಟ್ಟಾಳ, ಯಾರರ ನೋಡೀರೇನು?” ಬೈಠಕ್ ಅವಳಿಗೆ ಮೊದಲು ಮಿಕ್ಸರಿನ ಜಾಹೀರಾತು ತೋರಿಸಿತು. ಆಮೇಲೆ ಕೂದಲಿನ ಎಣ್ಣೆಯದು. ಆಮೇಲೆ ‘ನಿಮ್ಮ ಸಂದೇಶ ಸರದಿಯಲ್ಲಿದೆ, ಸುವರ್ಣ ಸದಸ್ಯರಾಗಿ’ ಎಂದಿತು. ಸಂದೇಶ ಹೊರಬಿದ್ದಾಗ ಮಧ್ಯಾಹ್ನ ಕಳೆದು ಸಂಜೆಯಾಗಿತ್ತು. ತಾಯಿ ಅಷ್ಟೂ ಹೊತ್ತು ಕುಳಿತಿದ್ದದ್ದು ಪಟಾನ್‌ಚೆರುವಿನಲ್ಲಿ ಗುಂಪಿನ ಸದಸ್ಯರೊಬ್ಬರ ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೆಯೇ! ಅವರೇ ಎರಡು ಸಲ ಚಹಾ ಕೊಟ್ಟಿದ್ದರು, ಆದರೆ ಯಾರ ತಾಯಿ ಎಂದು ತಿಳಿದಿರಲಿಲ್ಲ. ಅವರ ಮೊಬೈಲಿನಲ್ಲಿ ಆ ಮಧ್ಯಾಹ್ನವೆಲ್ಲ ಕಂಡದ್ದು ಹಾಸಿಗೆ.

“ಮುಗೀತು!” ಎಂದು ಸಿದ್ದರಾಮಪ್ಪನವರು ಘೋಷಿಸಿದರು. “ಈ ಬೈಠಕ್ಕಿನ್ಯಾಗ ಇನ್ನ ಕುಂದ್ರೂದಿಲ್ಲ. ಬ್ಯಾರೆ ಜಾಗ ನೋಡೂಣು.”

ಬೇರೆ ಜಾಗ ನೋಡುವುದೆಂದರೆ ಹೈದರಾಬಾದಿನಲ್ಲಿ ಬಾಡಿಗೆ ಮನೆ ನೋಡಿದಷ್ಟೇ ಕಷ್ಟವೆಂದು ಅವರಿಗೆ ಬೇಗ ತಿಳಿಯಿತು. ಒಂದು ಆ್ಯಪಿನಲ್ಲಿ ಬರೆದದ್ದೆಲ್ಲ ಮರುದಿನ ತಾನಾಗಿ ಮಾಯವಾಗುತ್ತಿತ್ತು. ಬೆಲ್ಲದ ಚರ್ಚೆಯನ್ನು ದಿನಾ ಮೊದಲಿನಿಂದ ಶುರುಮಾಡಬೇಕಾಯಿತು. ಇನ್ನೊಂದು, ಸದಸ್ಯರಾಗಲು ಚಿತ್ರದಲ್ಲಿರುವ ಟ್ರಾಫಿಕ್ ದೀಪಗಳನ್ನೆಲ್ಲ ಮುಟ್ಟಿ ಮನುಷ್ಯನೆಂದು ಸಾಬೀತು ಮಾಡಿರಿ ಎಂದಿತು. ಅದರಲ್ಲಿ ಸಿದ್ದರಾಮಪ್ಪನವರೇ ಮೂರು ಸಲ ಫೇಲಾದರು. ಮತ್ತೊಂದರಲ್ಲಿ ಜಾಹೀರಾತು ಇರಲಿಲ್ಲ, ಯಂತ್ರ ಇರಲಿಲ್ಲ, ಯಾವ ತೊಂದರೆಯೂ ಇರಲಿಲ್ಲ. ಬೇರೆ ಜನವೂ ಇರಲಿಲ್ಲ.

ಆಗ ದಾರಿ ತೋರಿಸಿದವನು ಆನಂದಕುಮಾರ. ಅವನು ಬ್ಯಾಂಕ್ ನೌಕರ. ಬ್ಯಾಂಕಿನ ಕಂಪ್ಯೂಟರು ಕೆಟ್ಟಾಗ ತಂತ್ರಜ್ಞರು ಬರುವ ತನಕ ಅದನ್ನು ಆರಿಸಿ ಹಚ್ಚುವ ಜವಾಬ್ದಾರಿ ಅವನದಾಗಿದ್ದರಿಂದ ಗುಂಪಿನಲ್ಲಿ ದೊಡ್ಡ ಪಂಡಿತನೆಂದು ಹೆಸರಾಗಿದ್ದ.

“ಸರ, ಯಾರ್ದೋ ಮನಿಯಾಗ ಯಾಕ ಕುಂದ್ರೂದು? ಒಂದ ಕಂಪ್ಯೂಟರ ತಗೊಂಡು ನಮ್ಮದ ಸ್ವಂತ ಸರ್ವರ್ ಇಟ್ಟಬಿಡೂಣು,” ಎಂದ ಫೋನಿನಲ್ಲಿ.

ಸ್ವಂತ ಸರ್ವರ್! ಆ ಎರಡು ಶಬ್ದ ಸಿದ್ದರಾಮಪ್ಪನವರ ಕಿವಿಯಲ್ಲಿ ಮಂತ್ರದಂತೆ ಮೊಳಗಿದವು. ಸ್ವಂತ ಮನೆ ಆಗಿರಲಿಲ್ಲ, ಸ್ವಂತ ಕಾರು ಆಗಿರಲಿಲ್ಲ, ಸರ್ವರ್ ಆದರೂ ಆಗಲಿ.

ಇಲ್ಲಿ ಒಂದು ಭೌಗೋಳಿಕ ಸಂಗತಿ ಹೇಳಬೇಕು. ಅವರ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಬರುತ್ತಿದ್ದದ್ದು ಬಾಲ್ಕನಿಯಲ್ಲಿ ಮಾತ್ರ. ಅದೂ ಕೂಗಿದರೆ ಮಾತ್ರ. ಆ ಬಾಲ್ಕನಿಯ ನೇರ ಕೆಳಗೆ ವಿಶಾಲಾಕ್ಷಿಯವರ ಬಾಲ್ಕನಿ. ಅವರು ಆಗ ಬಟ್ಟೆ ಒಣಹಾಕುತ್ತಿದ್ದರು.

“ಹೌದ್ಹೌದು, ಸರ್ವರ್ ಇಡೂಣು!” ಎಂದು ಮೇಲಿನಿಂದ ಕೂಗು ಕೇಳಿತು. “ಮುನ್ನೂರು ಮಂದಿ ಒಮ್ಮೆಲೇ ಬಂದ್ರೂ ತಡಕೋಬೇಕು! … ಹಗಲೂ ರಾತ್ರಿ ನಿಂತಿರಬೇಕಾ? ನಿಲ್ಲಲಿ! … ನಮ್ಮ ಮನಿಯಾಗ ಇಡೂಣು, ಸೂಗಮ್ಮಗ ಆಮ್ಯಾಲ ಹೇಳಿದ್ರಾತು!”

ವಿಶಾಲಾಕ್ಷಿಯವರ ಕೈಯಿಂದ ದಿಂಬಿನ ಗವಸು ಜಾರಿತು. ಅವರ ಮಾತೃಭಾಷೆ ತೆಲುಗು. ಆದರೆ ಸೂಗಮ್ಮನ ಜೊತೆ ದಿನಾ ಹರಟಿ ಕನ್ನಡವೂ ತೆಲುಗೂ ಬೆರೆತ ಒಂದು ಮಾತು ಅವರಿಗೆ ಬರುತ್ತಿತ್ತು. ಊಟ ಬಡಿಸುವ ಸರ್ವರ್, ಮುನ್ನೂರು ಮಂದಿ, ಮನೆಯಲ್ಲೇ. ಒಟ್ಟು ಕೂಡಿಸಿದರು. ಹೋಟೆಲ್!

ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಬಾಗಿಲಲ್ಲೇ ಕೇಳಿದರು. “ಸೂಗಮ್ಮಗಾರೂ, ನಿಮ್ಮ ಸಾರ್ ಹೋಟಲ್ ಇಡ್ತಾರಂಟ, ನಿಜಮೇನಾ?”

ಸೂಗಮ್ಮನಿಗೆ ಏನೂ ಗೊತ್ತಿರಲಿಲ್ಲ. ಆದರೆ ಗಂಡ ಮಾಡುವ ಕೆಲಸ ತನಗಿಂತ ಮೊದಲು ಕೆಳಗಿನ ಮನೆಯವರಿಗೆ ಗೊತ್ತಾಗಿದೆ ಎಂದು ಒಪ್ಪಿಕೊಳ್ಳುವುದುಂಟೆ? ಅವಳು ಲಟ್ಟಣಿಗೆಯನ್ನು ಕೆಳಗಿಟ್ಟು, ಎಲ್ಲ ಬಲ್ಲವಳ ನಗೆ ನಕ್ಕಳು.

“ಹೌದ್ರಿ. ಆದ್ರ ಯಾರ ಮುಂದೂ ಹೇಳಬ್ಯಾಡ್ರಿ. ನಾ ಅವರಿಗೆ ಹೇಳೀನಿ, ಮುಹೂರ್ತ ಆಗೂತನಕ ಸುದ್ದಿ ಹೊರಗ ಹೋಗಬಾರದಂತ.”

ಯಾರ ಮುಂದೆಯೂ ಹೇಳಬಾರದೆಂಬ ಸುದ್ದಿ ಸಂಜೆಯೊಳಗೆ ಇಡೀ ಅಪಾರ್ಟ್‌ಮೆಂಟಿಗೆ ತಿಳಿಯಿತು. ಇತ್ತ ಸೂಗಮ್ಮ ಕೆಳಗಿಟ್ಟ ಲಟ್ಟಣಿಗೆಯನ್ನು ಮತ್ತೆ ಎತ್ತಿಕೊಳ್ಳುವುದನ್ನೇ ಮರೆತಿದ್ದಳು. ಒಂದು ಖಾನಾವಳಿ ತೆರೆಯಬೇಕೆಂಬುದು ಅವಳ ಬಹುದಿನದ ಆಸೆ. ಅವಳ ಕೈಯ ರೊಟ್ಟಿ ಎತ್ತಿ ಹಿಡಿದರೆ ಆಚೆ ಬದಿಯ ದೀಪ ಕಾಣುವಷ್ಟು ತೆಳುವು. ಆದರೆ ಆ ಆಸೆಯನ್ನು ಹೇಳಿದಾಗಲೆಲ್ಲ ಗಂಡ ಮೊಬೈಲಿನಿಂದ ತಲೆ ಎತ್ತದೆ “ಹ್ಞೂಂ” ಎಂದಿದ್ದ. ಆ “ಹ್ಞೂಂ” ಒಳಗೆ ಇಷ್ಟು ದೊಡ್ಡ ಯೋಜನೆ ಅಡಗಿತ್ತೇ? ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿಯೇಬಿಟ್ಟಳು.

“ನೀವು ಹೇಳದಿದ್ರೂ ನನಗೆಲ್ಲಾ ಗೊತ್ತಾಗೈತ್ರಿ. ಸರ್ವರ್ ವಿಷಯ.”

ಸಿದ್ದರಾಮಪ್ಪನವರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಬೈಯುತ್ತಾಳೆಂದು ಕಾದರು. ಬೈಯಲಿಲ್ಲ. ತನ್ನ ಗುಂಪಿನ ವಿಷಯದಲ್ಲಿ ಹೆಂಡತಿ ಮೊದಲ ಸಲ ಆಸಕ್ತಿ ತೋರಿಸುತ್ತಿದ್ದಾಳೆ! ಅವರು ಉಬ್ಬಿಹೋದರು.

“ನಿನಗ ಸಿಟ್ಟಿಲ್ಲೇನು?”

“ಸಿಟ್ಟ್ಯಾಕ್ರಿ? ಎಷ್ಟ ಮಂದಿ ಬರಬಹುದು?”

“ಈಗರ ಮುನ್ನೂರು. ಮುಂಜಾನಿ ಅರ್ಧಾ, ಸಂಜಿಮುಂದ ಅರ್ಧಾ. ಭಾನುವಾರ ಎಲ್ಲಾರೂ ಬರ್ತಾರ.”

“ಅಬ್ಬಬ್ಬಾ! ರೇಟು?”

“ರೇಟು?” ಸಿದ್ದರಾಮಪ್ಪನವರು ಎದೆ ಸೆಟೆಸಿದರು. “ದುಡ್ಡು ತಗೊಂಡ್ರ ನಮಗೂ ಆ ಬೈಠಕ್ಕಿನವರಿಗೂ ಏನ ಫರಕ್ ಉಳೀತು? ಎಲ್ಲಾ ಪುಕ್ಕಟ! ಬಡವ ಇರಲಿ, ಸಾವುಕಾರ ಇರಲಿ, ನಮ್ಮ ಮಂದಿ ಯಾರ ಬಂದ್ರೂ ಇಲ್ಲ ಅನ್ನಂಗಿಲ್ಲ.”

ಸೂಗಮ್ಮ ಸೌಟು ಹಿಡಿದು ಹಾಗೆಯೇ ನಿಂತುಬಿಟ್ಟಳು. ಪುಕ್ಕಟೆ. ಯಾರು ಬಂದರೂ. ಅಂದರೆ ಇದು ಖಾನಾವಳಿಯಲ್ಲ, ದಾಸೋಹ! ಹಸಿದವರಿಗೆ ಅನ್ನ ನೀಡುವುದು! ಶರಣರ ಮಾತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಓದಿ ಮರೆಯುವ ಮನುಷ್ಯನೆಂದು ತಾನು ತಿಳಿದಿದ್ದವನು ಒಳಗೊಳಗೇ ಶರಣನಾಗಿದ್ದ. ಅವಳ ಕಣ್ಣು ತುಂಬಿ ಬಂತು. ಗಂಡನ ರೊಟ್ಟಿಯ ಮೇಲೆ ಇನ್ನೊಂದು ಬೆಣ್ಣೆಯುಂಡೆ ಇಟ್ಟಳು.

‘ಅಂತರ್ಜಾಲದ ಸ್ವಾತಂತ್ರ್ಯದ ಬಗ್ಗೆ ಇವಳಿಗೆ ಇಷ್ಟು ಕಾಳಜಿ ಇದೆಯೆಂದು ತಿಳಿದಿರಲಿಲ್ಲ’ ಎಂದುಕೊಂಡು ಸಿದ್ದರಾಮಪ್ಪನವರು ಬೆಣ್ಣೆ ತಿಂದರು.

ಮರುದಿನವೇ ಸೂಗಮ್ಮ ಲಿಂಗಸುಗೂರಿಗೆ ಫೋನು ಮಾಡಿ ತಮ್ಮ ಚಂದ್ರಾಮನನ್ನು ಕರೆಸಿದಳು. ಚಂದ್ರಾಮ ಬಂದ ರೀತಿಯನ್ನು ಕೂಕಟ್‌ಪಲ್ಲಿಯವರು ಮರೆಯಲಾರರು. ಆಟೋದಿಂದ ಮೊದಲು ಜೋಳದ ಚೀಲಗಳು ಇಳಿದವು. ಆಮೇಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿಗಳು. ಕೊನೆಗೆ ಒಂದು ದೊಡ್ಡ ಕೊಪ್ಪರಿಗೆ. ಅದರೊಳಗೆ ಚಂದ್ರಾಮ ಕುಳಿತಿದ್ದ, ಆಟೋದಲ್ಲಿ ಬೇರೆ ಜಾಗ ಇರಲಿಲ್ಲವಾದ್ದರಿಂದ.

“ಏನೋ ಇದು?” ಎಂದರು ಸಿದ್ದರಾಮಪ್ಪನವರು.

“ಉದ್ಘಾಟನಿಗಿ, ಮಾವಾರ! ಅಕ್ಕ ಎಲ್ಲಾ ಹೇಳ್ಯಾಳ. ಸರ್ವರ್ ಚಿಂತಿ ನೀವು ಬಿಟ್ಟಬಿಡ್ರಿ. ಅದನ್ನ ನನಗ ಒಪ್ಪಸ್ರಿ.”

ಉದ್ಘಾಟನೆಗೆ ನಾಲ್ಕು ಜನಕ್ಕೆ ಸಿಹಿ ಮಾಡಿದರೆ ಒಳ್ಳೆಯದೇ ಎಂದು ಸಿದ್ದರಾಮಪ್ಪನವರಿಗೂ ಅನ್ನಿಸಿತು. ಅವರಿಗೆ ಆಶ್ಚರ್ಯವಾದದ್ದು ಬೇರೆಯದು. “ಸರ್ವರ್ ಕೆಲಸ ನಿನಗ ಬರ್ತೈತೇನೋ?”

“ಬರ್ತೈತೇನಂದ್ರ? ಬಸ್ ಸ್ಟ್ಯಾಂಡ್ ಮುಂದ ಎರಡ ವರ್ಷ ಅದನ್ನ ಮಾಡೀನ್ರಿ.”

“ಲೋಡ್ ಭಾಳ ಬಂದ್ರ?”

“ಒಂದ ಕೈಯಾಗ ಆರ ಪ್ಲೇಟ್ ಹಿಡೀತಿದ್ದೆ ಮಾವಾರ!”

ಸರ್ವರಿನಲ್ಲಿ ಪ್ಲೇಟುಗಳು ಇರುತ್ತವೆಂದು ಸಿದ್ದರಾಮಪ್ಪನವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ತೋರಿಸಿಕೊಳ್ಳುವುದು ಅಡ್ಮಿನ್ನರಿಗೆ ಶೋಭಿಸುವುದಿಲ್ಲವಾದ್ದರಿಂದ “ಆರು ಸಾಕು” ಎಂದು ಗಂಭೀರವಾಗಿ ತಲೆಯಾಡಿಸಿದರು.

ಅದೇ ವಾರ ಅವರು ಆನಂದಕುಮಾರನ ಜೊತೆ ಕೋಠಿಯ ಪೇಟೆಗೆ ಹೋಗಿ, ಗಲ್ಲಿಗಲ್ಲಿ ಸುತ್ತಿ, ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ತಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಧೂಳು ತಾಗದಿರಲೆಂದು ಟವೆಲ್ ಹೊದಿಸಿ, ಗುಂಡಿ ಬಂದಾಗಲೆಲ್ಲ ಮಗುವನ್ನು ತಟ್ಟಿದಂತೆ ತಟ್ಟಿದರು. ಪಕ್ಕದಲ್ಲಿದ್ದ ಮುದುಕಿ ಎದ್ದು ನಿಂತು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಸೂಗಮ್ಮ ಸಾರಿದ ಪುಕ್ಕಟೆ ಊಟದ ಸುದ್ದಿ ಜೀಡಿಮೆಟ್ಲಾದ ಕಾರ್ಖಾನೆಯನ್ನೂ ತಲುಪಿತು. ವಿಶಾಲಾಕ್ಷಿಯವರ ಅಳಿಯ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ. ಅವನು ಕ್ಯಾಂಟೀನಿನಲ್ಲಿ ಹೇಳಿದ. ಮ್ಯಾನೇಜರ್ ಶಿವಪ್ರಕಾಶರು ಬಳ್ಳಾರಿ ಕಡೆಯವರು, ಶಿಸ್ತಿನವರು, ಅನುಮಾನವನ್ನು ಸಂಬಳದ ಭಾಗವೆಂದು ತಿಳಿದವರು. ಸ್ಟೋರ್ ಕೀಪರೊಬ್ಬ ಮುನ್ನೂರು ಜನಕ್ಕೆ ದಿನಾ ಪುಕ್ಕಟೆ ಊಟ ಹಾಕುತ್ತಾನೆ ಎಂದರೆ ಸಾಮಾನು ಎಲ್ಲಿಂದ ಬಂತು, ಸ್ಟೋರಿನ ಮಾಲು ಮಾರಿಯೇ? ಅವರು ಸಿದ್ದರಾಮಪ್ಪನವರನ್ನು ಕ್ಯಾಬಿನ್ನಿಗೆ ಕರೆದರು.

“ಸಿದ್ದರಾಮಪ್ಪನವರೇ, ಮನೆಯಲ್ಲಿ ಏನೋ ಶುರುಮಾಡ್ತಿದ್ದೀರಂತೆ. ಸರ್ವರ್ ಬೇರೆ ಇಟ್ಟಿದ್ದೀರಂತೆ.”

ಸಾಹೇಬರಿಗೂ ಆಸಕ್ತಿ! ಸಿದ್ದರಾಮಪ್ಪನವರ ಮುಖ ಅರಳಿತು. “ಹೌದ್ರಿ ಸರ! ಕೋಠಿಯಿಂದ ತಂದೆ. ಹಳೇದು, ಆದ್ರ ಗಟ್ಟಿ ಐತ್ರಿ.”

ಮುದುಕ ಮಾಣಿ ಇರಬೇಕು ಎಂದುಕೊಂಡರು ಸಾಹೇಬರು. ಆದರೂ ಮನುಷ್ಯನನ್ನು ‘ಐತಿ’ ಎಂದು ಕರೆಯುವುದೇ? “ಇಷ್ಟೆಲ್ಲ ಸಾಮಾನು ಎಲ್ಲಿಂದ ಹೊಂದಿಸ್ತೀರಿ?”

“ಸಾಮಾನು ಎಲ್ಲೈತ್ರಿ ಸರ! ಎಲ್ಲಾ ಓಪನ್ ಸೋರ್ಸ್!”

“ಓಪನ್ ಸ್ಟೋರ್ಸ್?” ಶಿವಪ್ರಕಾಶರು ಕುರ್ಚಿಯಿಂದ ಅರ್ಧ ಎದ್ದರು.

“ಹೌದ್ರಿ. ಯಾರ್ನೂ ಕೇಳೂದು ಬ್ಯಾಡ, ಸಹಿ ಬ್ಯಾಡ. ಯಾರ ಬೇಕಾದ್ರೂ ತಗೊಂಡು ಹೋಗಬಹುದು. ನಾವೂ ಹಂಗ ತಗೊಂಡೀವಿ.”

ಇಷ್ಟು ನೆಮ್ಮದಿಯಿಂದ ಕಳವನ್ನು ಒಪ್ಪಿಕೊಂಡವನನ್ನು ಶಿವಪ್ರಕಾಶರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಒಂದು ಗಂಟೆಯೊಳಗೆ ಸ್ಟೋರಿಗೆ ಬೀಗ ಬಿತ್ತು. ಲೆಕ್ಕ ಪರಿಶೀಲನೆಯವರು ಬಂದರು. ಸಿದ್ದರಾಮಪ್ಪನವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಅವರು ಅದನ್ನು ವರ್ಷದ ಮಾಮೂಲು ತಪಾಸಣೆಯೆಂದು ತಿಳಿದು, ಬಿಡುವು ಸಿಕ್ಕಿತೆಂದು ಹೊಸ ಗುಂಪಿನ ನಿಯಮಗಳನ್ನು ಬರೆಯುತ್ತ ಕುಳಿತರು. ಮೊದಲನೆಯ ನಿಯಮ: ‘ಜಾಹೀರಾತು ಹಾಕತಕ್ಕದ್ದಲ್ಲ. ಅಡ್ಮಿನ್ನರ ಸ್ವಂತ ಬಳಗದವರಾದರೂ ಸರಿಯೇ.’ ಎರಡನೆಯ ವಾಕ್ಯವನ್ನು ಓದಿ ತಮ್ಮ ನಿಷ್ಪಕ್ಷಪಾತಕ್ಕೆ ತಾವೇ ಬೆರಗಾದರು.

ಸ್ಟೋರಿನಲ್ಲಿ ಒಂದು ಚೂರು ಹತ್ತಿಯೂ ಕಡಿಮೆ ಬರಲಿಲ್ಲ. ಇದರಿಂದ ಸಾಹೇಬರ ಅನುಮಾನ ಇನ್ನೂ ಹೆಚ್ಚಿತು. ಇಷ್ಟು ಚೊಕ್ಕಟವಾಗಿ ಕದಿಯುವವನು ಸಾಮಾನ್ಯನಲ್ಲ! “ಭಾನುವಾರ ನಾನೇ ಬಂದು ನೋಡ್ತೀನಿ” ಎಂದರು. “ಬರ್ರಿ ಸರ, ನಿಮ್ಮ ಪಾದ ಹತ್ತಲಿ!” ಎಂದು ಸಿದ್ದರಾಮಪ್ಪನವರು ಕೈಮುಗಿದರು. ತಮ್ಮ ನೌಕರಿ ಒಂದು ಎಳೆ ದಾರದಲ್ಲಿ ತೂಗಾಡುತ್ತಿದೆಯೆಂದು ಆ ಮಹಾನುಭಾವರಿಗೆ ತಿಳಿಯಲೇ ಇಲ್ಲ.

ಶನಿವಾರ ಅವರು ಬೈಠಕ್‌ನಲ್ಲಿ ತಮ್ಮ ಕೊನೆಯ ಸಂದೇಶ ಹಾಕಿದರು: ‘ನಾಳೆ ಹನ್ನೊಂದಕ್ಕೆ ನಮ್ಮ ಸ್ವಂತ ಜಾಗ ಶುರು. ಎಲ್ಲರೂ ತಪ್ಪದೆ ಬರಬೇಕು. ವಿಳಾಸ ಕೆಳಗಿದೆ.’ ಕೆಳಗೆ ಆನಂದಕುಮಾರ ಕೊಟ್ಟ ಅಂತರ್ಜಾಲದ ವಿಳಾಸ ಹಾಕಿದರು. ಆದರೆ ಬೈಠಕ್‌ನವರೇನು ಹಾಲು ಕುಡಿಯುವ ಮಕ್ಕಳೇ? ಗಿರಾಕಿಗಳನ್ನು ಬೇರೆ ಅಂಗಡಿಗೆ ಕಳಿಸುವ ವಿಳಾಸ ಕಂಡರೆ ಅದನ್ನು ಅಳಿಸಿಬಿಡುವಂತೆ ತಮ್ಮ ಯಂತ್ರಕ್ಕೆ ಕಲಿಸಿದ್ದರು. ಯಂತ್ರವು ಅಳಿಸಿತು. ಅಳಿಸಿ ಸುಮ್ಮನಿರದೆ, ಖಾಲಿ ಜಾಗ ಚೆನ್ನಾಗಿ ಕಾಣುವುದಿಲ್ಲವೆಂದು ಖಾತೆಯಲ್ಲಿದ್ದ ಅಡ್ಮಿನ್ನರ ಮನೆಯ ವಿಳಾಸವನ್ನು ತುಂಬಿತು, ನಕ್ಷೆಯ ಸಮೇತ.

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಮುಂದೆ ಮೆಟ್ರೋದಿಂದ ಇಳಿದವರು, ಬಸ್ಸಿನಿಂದ ಇಳಿದವರು, ಆಟೋದಲ್ಲಿ ಏಳೇಳು ಜನ ತುಂಬಿಕೊಂಡು ಬಂದವರು, ಕೂಸುಗಳನ್ನು ಹೊತ್ತವರು ಸಾಲುಗಟ್ಟಿದರು. ವಿಶಾಲಾಕ್ಷಿಯವರು ಗೇಟಿನಲ್ಲಿ ನಿಂತು ಲಿಫ್ಟಿಗೆ ಯಾರು, ಮೆಟ್ಟಿಲಿಗೆ ಯಾರು ಎಂದು ವಿಂಗಡಿಸುತ್ತಿದ್ದರು. “ಮುದುಕರು ಲಿಫ್ಟ್! ಗಟ್ಟಿ ಮಂದಿ ಮೆಟ್ಲು! ನೀವು ಗಟ್ಟಿ ಮಂದಿ ಅಂಡಿ, ನಡೀರಿ!” ಟೆರೇಸಿನ ಮೇಲೆ ಅವರೇ ಶಾಮಿಯಾನ ಹಾಕಿಸಿಕೊಟ್ಟಿದ್ದರು. ಅಲ್ಲಿ ಕೊಪ್ಪರಿಗೆಯಲ್ಲಿ ಎಣಗಾಯಿ ಕುದಿಯುತ್ತಿತ್ತು. ಸೂಗಮ್ಮನ ಪಕ್ಕದಲ್ಲಿ ಗಂಗಾಬಾಯಿ ಬಂದು ಕುಳಿತು, ಯಾರೂ ಹೇಳದಿದ್ದರೂ ರೊಟ್ಟಿ ಬಡಿಯತೊಡಗಿದ್ದಳು.

ಕೆಳಗೆ ಮನೆಯ ಹಾಲಿನಲ್ಲಿ ಸ್ಟೂಲಿನ ಮೇಲೆ ಕಂಪ್ಯೂಟರ್ ಪೆಟ್ಟಿಗೆ, ಅದಕ್ಕೊಂದು ಚೆಂಡುಹೂವಿನ ಮಾಲೆ. ಆನಂದಕುಮಾರ ಪಕ್ಕದ ಮೇಜಿನ ಕೆಳಗೆ ತಂತಿಗಳ ನಡುವೆ ಮಲಗಿದ್ದ. ಮೆಟ್ಟಿಲ ತುಂಬ ಜನ ಕಂಡು ಸಿದ್ದರಾಮಪ್ಪನವರಿಗೆ ಮೈ ಜುಮ್ಮೆಂದಿತು. ಮೊಬೈಲಿನಲ್ಲಿ ಸೇರಬಹುದಾಗಿದ್ದರೂ ಕಣ್ಣಾರೆ ನೋಡಲು ಬಂದಿದ್ದಾರಲ್ಲ! ಆಗಲೇ ಶಿವಪ್ರಕಾಶರೂ ಒಳಗೆ ಬಂದು ಸುತ್ತಮುತ್ತ ಡಬ್ಬಿಗಳನ್ನು ಪರೀಕ್ಷಿಸತೊಡಗಿದರು.

ಅಷ್ಟರಲ್ಲಿ ಸೂಗಮ್ಮ ಹಿಟ್ಟಿನ ಕೈಯಲ್ಲೇ ಕೆಳಗೆ ಓಡಿಬಂದಳು. “ಏನ್ರಿ, ಮೊದಲನೇ ಪಂಕ್ತಿ ಕುಂತೈತಿ, ಚಂದ್ರಾಮಗ ಒಬ್ಬಗ ನೀಗವಲ್ತು. ಕೋಠಿಯಿಂದ ತಂದ ಸರ್ವರ್ ಎಲ್ಲ್ಯದಾನ?”

ಸಿದ್ದರಾಮಪ್ಪನವರು ಹೆಮ್ಮೆಯಿಂದ ಪೆಟ್ಟಿಗೆಯ ಮೇಲೆ ಕೈ ಇಟ್ಟರು. “ಇಗಾ!”

ಸೂಗಮ್ಮ ಪೆಟ್ಟಿಗೆ ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಪೆಟ್ಟಿಗೆ ನೋಡಿದಳು. “ಇದು ರೊಟ್ಟಿ ನೀಡ್ತೈತೇನ್ರಿ?”

“ರೊಟ್ಟಿ ಯಾಕ ನೀಡ್ತೈತಿ? ಇದು ನಮ್ಮ ಗುಂಪಿನ ಸರ್ವರ್. ಇನ್ನ ಮ್ಯಾಲ ನಮ್ಮ ಮಂದಿ ಮಾತೆಲ್ಲಾ ಇದರಾಗ.”

“ಅಂದ್ರ… ದಾಸೋಹ?”

“ಯಾವ ದಾಸೋಹ?”

ಹಾಲಿನಲ್ಲಿ ಇದ್ದವರೆಲ್ಲ ಇತ್ತ ತಿರುಗಿದರು. ಮೇಜಿನ ಕೆಳಗಿನಿಂದ ಆನಂದಕುಮಾರನೂ ಇಣುಕಿದ. ಸೂಗಮ್ಮ ಮೆಲ್ಲಗೆ ಹೇಳಿದಳು. “ನೀವ ಅಂದಿರಲ್ಲರಿ, ಯಾರ ಬಂದ್ರೂ ಇಲ್ಲ ಅನ್ನಂಗಿಲ್ಲ, ಎಲ್ಲಾ ಪುಕ್ಕಟ ಅಂತ. ನಾ ಇಡೀ ಊರಿಗೆ ಹೇಳಿಬಿಟ್ಟೆ, ನಮ್ಮ ಮನಿಯವರದು ಭಾಳ ದೊಡ್ಡ ಮನಸಂತ.”

ಸಿದ್ದರಾಮಪ್ಪನವರ ತಲೆಯೊಳಗೆ ಬೆಣ್ಣೆಯುಂಡೆ, ಕೊಪ್ಪರಿಗೆ, ಆರು ಪ್ಲೇಟು, ಸ್ಟೋರಿನ ಬೀಗ ಎಲ್ಲವೂ ಒಂದರ ಹಿಂದೆ ಒಂದು ಸರಿಯಾದ ಜಾಗಕ್ಕೆ ಬಂದು ಕುಳಿತವು. ಹೆಂಡತಿಯ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷದಲ್ಲಿ ಆಕೆ ತನ್ನ ಬಗ್ಗೆ ಊರಿಗೆಲ್ಲ ಹೊಗಳಿಕೊಂಡದ್ದು ಇದೇ ಮೊದಲು. ಅದೂ ತಪ್ಪಿ ಹೊಗಳಿದ್ದು!

ಆ ಹೊತ್ತಿಗೆ ಸರಿಯಾಗಿ ಟೆರೇಸಿನಲ್ಲಿ ಚಂದ್ರಾಮ ಖಾರ ರುಬ್ಬಲು ಎರಡನೆಯ ಗ್ರೈಂಡರನ್ನು ಹಚ್ಚಿದ. ಢಪ್ ಎಂದಿತು. ಅಪಾರ್ಟ್‌ಮೆಂಟಿನ ಕರೆಂಟೆಲ್ಲ ಹೋಯಿತು. ಹೂವಿನ ಮಾಲೆಯ ನಡುವಿನಿಂದ ಊದುಬತ್ತಿಯಷ್ಟು ತೆಳುವಾದ ಹೊಗೆಯೊಂದು ಎದ್ದಿತು.

“ಸರ, ಸರ್ವರ್ ಹೋತು!” ಎಂದು ಮೇಜಿನ ಕೆಳಗಿನಿಂದ ಆರ್ತನಾದ ಬಂತು.

“ಎಲ್ಲಿ ಹೋತು? ಇಲ್ಲೇ ಐತಲ್ಲ,” ಎಂದು ಸಿದ್ದರಾಮಪ್ಪನವರು ಅಂಗಿಯ ತೋಳು ಮಡಚಿದರು. ಮೂಲೆಯಲ್ಲಿದ್ದ ಸ್ಟೀಲ್ ಬಕೀಟು ಎತ್ತಿಕೊಂಡರು. “ನಡಿ ಸೂಗಮ್ಮಾ. ಮಂದಿ ಹಸದಾರ. ಇವತ್ತಿನ ಸರ್ವರ್ ನಾನ.”

ಆ ದಿನ ಅವರು ಬಡಿಸಿದ ವೈಭವವೇನು! ಸಾರು ಅರ್ಧ ತಟ್ಟೆಗೆ, ಅರ್ಧ ಅಂಗಿಗೆ. ಮೊದಲ ಪಂಕ್ತಿಯಲ್ಲೇ ಇಬ್ಬರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ಆದರೂ ಜನ ನಕ್ಕರು, ಬೇಡಿದರು, ತಿಂದರು. ಗುಂಪಿನಲ್ಲಿ ಸಿಂಹದ ಚಿತ್ರ ಹಾಕಿಕೊಂಡು ಎಲ್ಲರ ಮೇಲೆ ಗುಡುಗುತ್ತಿದ್ದವರು ಹೆಂಡತಿಯ ಚಪ್ಪಲಿ ಹಿಡಿದು ಮೂಲೆಯಲ್ಲಿ ಕುಳಿತಿದ್ದರು. ‘ಗುಲಾಬಿ’ ಎಂಬ ಹೆಸರಿನ ಸದಸ್ಯೆಗೆ ದಪ್ಪ ಮೀಸೆಯಿತ್ತು. ಎಣಗಾಯಿಯ ಬೆಲ್ಲದ ಬಗ್ಗೆ ತಿಂಗಳುಗಟ್ಟಲೆ ಕಚ್ಚಾಡಿದ ಇಬ್ಬರು, ಪರಸ್ಪರ ಯಾರೆಂದು ತಿಳಿಯದೆ ಅಕ್ಕಪಕ್ಕದಲ್ಲಿ ಕುಳಿತು, “ಏನ ರುಚಿ ಐತ್ರಿ! ಬೆಲ್ಲ ಹಾಕ್ಯಾರೋ ಇಲ್ಲೋ ಗೊತ್ತಾಗವಲ್ತು” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮೂರನೆಯ ಸಲ ಹಾಕಿಸಿಕೊಂಡರು.

ಶಿವಪ್ರಕಾಶರು ತನಿಖೆಗಾಗಿ ಕುಳಿತವರು, ತನಿಖೆಗಾಗಿಯೇ ಒಂದು ರೊಟ್ಟಿ ತಿಂದರು. ಸಾಕ್ಷ್ಯ ಸಾಲದೆಂದು ಇನ್ನೊಂದು ತಿಂದರು. ಎಷ್ಟೋ ರೊಟ್ಟಿಗಳ ಬಳಿಕ, ಆನಂದಕುಮಾರ ಓಪನ್ ಸೋರ್ಸ್ ಎಂದರೇನೆಂದು ಬಿಡಿಸಿ ಹೇಳಿದಾಗ, ಅವರು ಕೈ ತೊಳೆಯುತ್ತ ಬಹಳ ಹೊತ್ತು ನಕ್ಕರು. ಆಮೇಲೆ ನೇರ ಒಲೆಯ ಬಳಿ ಹೋದರು.

“ಅಮ್ಮಾ, ನಮ್ಮ ಕ್ಯಾಂಟೀನಿನ ಚಪಾತಿಯನ್ನ ಕಾರ್ಮಿಕರು ಬಾಗಿಲಿಗೆ ಒತ್ತು ಕೊಡೋಕೆ ಉಪಯೋಗಿಸ್ತಾರೆ. ನೀವು ರೊಟ್ಟಿ ಮಾಡಿ ಕಳಿಸ್ತೀರಾ? ಪುಕ್ಕಟೆ ಬೇಡ.”

ಸೂಗಮ್ಮ ಗಂಡನತ್ತ ನೋಡಿದಳು. ಅಂಗಿಯ ಮೇಲೆ ಎಣಗಾಯಿಯ ನಕ್ಷೆ ಬರೆಸಿಕೊಂಡು ನಿಂತಿದ್ದ ಸಿದ್ದರಾಮಪ್ಪನವರು “ಹ್ಞೂಂ” ಎಂದರು. ಈ ಸಲ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಹೀಗೆ ಗಂಗಾಬಾಯಿಯನ್ನು ಪಾಲುದಾರಳನ್ನಾಗಿ ಮಾಡಿಕೊಂಡು, ಎರಡು ಬೀದಿ ಆಚೆಗೆ ಸೂಗಮ್ಮನ ಖಾನಾವಳಿ ಶುರುವಾಯಿತು. ಚಂದ್ರಾಮ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ಕಂಪ್ಯೂಟರ್ ಪೆಟ್ಟಿಗೆಯನ್ನು ಕೋಠಿಯವನೇ ರಿಪೇರಿ ಮಾಡಿಕೊಟ್ಟ. ‘ನಮ್ಮ ಮಂದಿ’ ಬೈಠಕ್ ಬಿಟ್ಟು ಅದರೊಳಗೆ ಬಂದು ನೆಲೆಸಿತು. ಆಗಾಗ ಅದು ಬಿಸಿಯಾಗಿ ನಿಂತುಹೋಗುತ್ತಿತ್ತು, ಆಗ ಜನ ಖಾನಾವಳಿಗೆ ಬಂದು ಅದೇ ಮಾತನ್ನು ಬಾಯಿಂದ ಆಡುತ್ತಿದ್ದರು. ಎಲ್ಲವೂ ಸುಖವಾಗಿಯೇ ಇತ್ತು.

ಒಂದು ಬೆಳಿಗ್ಗೆ ಸಿದ್ದರಾಮಪ್ಪನವರು ಎಂದಿನಂತೆ ಚಹಾಕ್ಕಿಂತ ಮೊದಲು ಗುಂಪನ್ನು ತೆರೆದರು. ಚಂದ್ರಾಮ ಬರೆದಿದ್ದ: ‘ಬಿಸಿ ಬಿಸಿ ರೊಟ್ಟಿ! ಸೂಗಮ್ಮನ ಖಾನಾವಳಿ! ಇವತ್ತು ಪುಂಡಿಪಲ್ಲೆ ವಿಶೇಷ!’

ಜಾಹೀರಾತು! ಅದೂ ಸ್ವಂತ ಬಳಗದಿಂದ! ಸಿದ್ದರಾಮಪ್ಪನವರು ಬೆರಳನ್ನು ಅಳಿಸುವ ಗುಂಡಿಯ ಬಳಿ ತಂದರು. ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಆದರೆ ನಿಯಮವೆಂದರೆ ನಿಯಮ. ಕಣ್ಣು ಮುಚ್ಚಿ ಅಳಿಸಿಬಿಟ್ಟರು. ‘ಅಡ್ಮಿನ್ನರಿಗೆ ಜಯವಾಗಲಿ’ ಎಂದು ನಾಲ್ಕಾರು ಜನ ಬರೆದರು. ಆ ದಿನವೆಲ್ಲ ಅವರು ನ್ಯಾಯಾಧೀಶರ ನಡಿಗೆಯಲ್ಲಿ ನಡೆದಾಡಿದರು.

ಸಂಜೆ ಊಟಕ್ಕೆ ಕುಳಿತಾಗ ಸೂಗಮ್ಮ ನಗುನಗುತ್ತಲೇ ಬಡಿಸಿದಳು. ತಟ್ಟೆಯಲ್ಲಿ ಅನ್ನ ಬಂತು. ತಿಳಿಸಾರು ಬಂತು. ಮತ್ತೆ ಅನ್ನವೇ ಬಂತು.

“ರೊಟ್ಟಿ?” ಎಂದರು ಸಿದ್ದರಾಮಪ್ಪನವರು.

“ರೊಟ್ಟಿ ಹ್ಯಾಂಗ ತೋರಿಸ್ಲಿರಿ ನಿಮಗ?” ಸೂಗಮ್ಮ ಬುಟ್ಟಿಯ ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು. “ಜಾಹೀರಾತು ಆಗ್ತೈತಲ್ಲ.”

ಬಿಸಿ ರೊಟ್ಟಿಯ ವಾಸನೆ ಮುಚ್ಚಳದ ಸಂದಿಯಿಂದ ಬರುತ್ತಲೇ ಇತ್ತು. ನಿಯಮಕ್ಕೂ ಮೂಗಿಗೂ ಸ್ವಲ್ಪ ಹೊತ್ತು ಯುದ್ಧ ನಡೆಯಿತು. ಆಮೇಲೆ ಸಿದ್ದರಾಮಪ್ಪನವರು ತಟ್ಟೆ ಹಿಡಿದುಕೊಂಡೇ ಎದ್ದು, ಬಾಲ್ಕನಿಗೆ ಹೋಗಿ, ಎಡಗೈಯಿಂದ ಫೋನು ಹಚ್ಚಿದರು.

“ಆನಂದಕುಮಾರ, ಅಳಿಸಿದ್ದನ್ನ ವಾಪಸ್ ತರೂದು ಹ್ಯಾಂಗೋ? … ಹೌದು, ಲಗೂನ ಹೇಳು. ಅದನ್ನ ಎಲ್ಲಾದ್ದಕ್ಕಿಂತ ಮ್ಯಾಲ ಇಡಬೇಕಾಗೈತಿ!”